ಮೇಕೆಯ ಶಾಪ, ಮಾಲೀಕರ ಲೆಕ್ಕ

2025ರ ಅಕ್ಟೋಬರ್ 20ರ ರಾತ್ರಿ ಸಿಯಾಟಲ್ ಮ್ಯಾರಿನರ್ಸ್ ತಂಡ ವರ್ಲ್ಡ್ ಸೀರೀಸ್‌ಗೆ ಎಂಟು ಔಟ್‌ಗಳಷ್ಟು ದೂರದಲ್ಲಿತ್ತು. 1977ರಲ್ಲಿ ಆಡಲು ಶುರುಮಾಡಿದ ಈ ತಂಡ ಒಮ್ಮೆಯೂ ಅಲ್ಲಿಗೆ ತಲುಪಿಲ್ಲ. ಮೂವತ್ತು ತಂಡಗಳಲ್ಲಿ ಅಂಥದ್ದು ಇದೊಂದೇ. ಏಳನೇ ಪಂದ್ಯ, ಏಳನೇ ಇನಿಂಗ್ಸ್. ಟೊರಾಂಟೋದ ಜಾರ್ಜ್ ಸ್ಪ್ರಿಂಗರ್ ಹೊಡೆದ ಒಂದು ಹೋಮ್‌ರನ್‌ಗೆ 3-1ರ ಮುನ್ನಡೆ 3-4ರ ಹಿನ್ನಡೆಯಾಯಿತು. ಅಲ್ಲಿಗೆ ಮುಗಿಯಿತು. ನನ್ನ ಜೊತೆ ಪಿಎಚ್‌ಡಿ ಮಾಡುತ್ತಿರುವ ಸಿಯಾಟಲ್‌ನ ಗೆಳೆಯ ಮಾರನೆಯ ದಿನ ನಿದ್ದೆಗೆಟ್ಟ ಮುಖ ಹೊತ್ತು ಬಂದ. ಸಮಾಧಾನ ಹೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಬಾಸ್ಟನ್‌ನವರು 86 ವರ್ಷ ಕಾದರು, ಷಿಕಾಗೋದವರು 108 ವರ್ಷ ಕಾದರು, ನಿಮ್ಮದು ಇನ್ನೂ ಐವತ್ತೂ ಆಗಿಲ್ಲ. ತಾಳ್ಮೆಯಿರಲಿ, ನಿಮಗೂ ಒಂದು ದಿನ ಬರುತ್ತದೆ.

ಈ ಮಾತಿನ ಮೇಲೆ ನನಗೆ ಜಗಳವಿದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದೊಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನಕ್ಕೊಂದು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹನ್ನೆರಡು ತಂಡಗಳು ಪ್ಲೇಆಫ್‌ಗೆ ಉಳಿಯುತ್ತವೆ. ಆರು ತಿಂಗಳು ಅಡುಗೆಮನೆಯ ರೇಡಿಯೋದಂತೆ ಹಿನ್ನೆಲೆಯಲ್ಲಿ ಗುನುಗುತ್ತಿದ್ದ ಆಟ ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ಎದೆಯ ಮೇಲೆ ಬಂದು ಕೂರುತ್ತದೆ. ಆಟದ ಜೊತೆಗೆ ಒಂದು ಬಗೆಯ ಬರಹಗಳ ಸುಗ್ಗಿಯೂ ಶುರುವಾಗುತ್ತದೆ. ಈ ಬರಹಗಳಲ್ಲಿ ಒಬ್ಬ ತಾತ ಇದ್ದೇ ಇರುತ್ತಾನೆ. ಬದುಕಿಡೀ ಕಾದು, ಕಪ್ ನೋಡದೆ ಸತ್ತ ತಾತ. 2016ರಲ್ಲಿ ಷಿಕಾಗೋ ಕಬ್ಸ್ ಗೆದ್ದಾಗ ಜನ ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಯ ಮೇಲೆ ತಮ್ಮ ಮನೆಯ ಸತ್ತವರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ಕೈ ಎಟುಕುವಷ್ಟು ಎತ್ತರಕ್ಕೂ ಹೆಸರುಗಳೇ. ಆ ಚಿತ್ರಗಳನ್ನು ನೋಡಿ ನನಗೂ ಗಂಟಲು ಕಟ್ಟಿತ್ತು. ಸುಳ್ಳು ಹೇಳುವುದಿಲ್ಲ.

ನನ್ನ ತಕರಾರು ಆ ಗೋಡೆಯ ಬಗ್ಗೆ ಅಲ್ಲ, ಅದನ್ನು ತೋರಿಸಿ ಕಾಯುವುದೇ ಪುಣ್ಯ ಎನ್ನುವವರ ಬಗ್ಗೆ. ಈ ಕಾಯುವಿಕೆ ಎಲ್ಲಿಂದ ಬಂತು? ಶಾಪದಿಂದ ಎನ್ನುತ್ತಾರೆ. 1945ರ ವರ್ಲ್ಡ್ ಸೀರೀಸ್‌ಗೆ ಒಬ್ಬ ಹೋಟೆಲಿನವನು ತನ್ನ ಮೇಕೆಯನ್ನೂ ಕರೆತಂದ, ಅದನ್ನು ಹೊರಗೆ ಹಾಕಿದ್ದಕ್ಕೆ ಅವನು ಶಾಪ ಕೊಟ್ಟ, ಅಂದಿನಿಂದ ಕಬ್ಸ್‌ಗೆ ಗ್ರಹಚಾರ ಹಿಡಿಯಿತು ಎನ್ನುವುದು ಕಥೆ. ನಮ್ಮೂರಿನ ಯಾವ ಸ್ಥಳಪುರಾಣಕ್ಕೂ ಕಡಿಮೆಯಿಲ್ಲ. ಆದರೆ 1945ರ ನಂತರ ಆ ತಂಡ ಮತ್ತೆ ಪ್ಲೇಆಫ್ ಕಂಡದ್ದು 1984ರಲ್ಲಿ. ಮೂವತ್ತೊಂಬತ್ತು ವರ್ಷ! ಈ ಅವಧಿಯ ಬಹುಪಾಲು ತಂಡದ ಮಾಲೀಕನಾಗಿದ್ದವನು ಚೂಯಿಂಗ್ ಗಮ್ ಕಂಪನಿಯ ಫಿಲಿಪ್ ರಿಗ್ಲಿ. 1961ರಲ್ಲಿ ಈತ ತಂಡಕ್ಕೆ ಒಬ್ಬ ಮ್ಯಾನೇಜರ್ ಬೇಡವೆಂದು, ಕೋಚ್‌ಗಳ ಒಂದು ಗುಂಪು ಕಟ್ಟಿ ಸರದಿಯ ಮೇಲೆ ತಂಡ ನಡೆಸುವಂತೆ ಮಾಡಿದ. ಫಲಿತಾಂಶ ಊಹಿಸಬಹುದು. ಇಷ್ಟೆಲ್ಲ ಆದಮೇಲೂ ಆರೋಪಿ ಮೇಕೆ.

ಬಾಸ್ಟನ್‌ನದು ಇನ್ನೂ ಕೆಟ್ಟದ್ದು. ರೆಡ್ ಸಾಕ್ಸ್ ತಂಡ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ್ದರಿಂದ ಶಾಪ ತಟ್ಟಿತಂತೆ. 1946, 1967, 1975, 1986, ನಾಲ್ಕು ಸಲ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಸೋತರು. ಪ್ರತಿ ಸೋಲೂ ಶಾಪದ ಖಾತೆಗೆ ಜಮೆ. ಈಗ ಇನ್ನೊಂದು ಇಸವಿ ನೋಡಿ. 1945ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಆಯ್ಕೆಗೆಂದು ಆಡಿ ತೋರಿಸಿದ. ತಂಡ ಅವನನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ನಂತರ ಅವನು ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿ ಈ ಆಟದ ಚರಿತ್ರೆಯನ್ನೇ ಬದಲಿಸಿದ. ಟಾಮ್ ಯಾಕಿ ಒಡೆತನದ ರೆಡ್ ಸಾಕ್ಸ್ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ, ಆಗಿನ ಹದಿನಾರು ತಂಡಗಳಲ್ಲಿ ಕಟ್ಟಕಡೆಗೆ. ದೇಶದ ಅತ್ಯುತ್ತಮ ಆಟಗಾರರಲ್ಲಿ ಎಷ್ಟೋ ಮಂದಿಯನ್ನು ಚರ್ಮದ ಬಣ್ಣ ನೋಡಿ ಬಾಗಿಲಾಚೆ ನಿಲ್ಲಿಸಿ, ಆಮೇಲೆ ಸೋತದ್ದಕ್ಕೆ ದೆವ್ವವನ್ನು ದೂರುವುದು! ಜಾತಿ ನೋಡಿ ಕೆಲಸಕ್ಕೆ ತೆಗೆದುಕೊಂಡು ವಾಸ್ತು ಸರಿಯಿಲ್ಲ ಎನ್ನುವ ನಮ್ಮ ಕಚೇರಿಗಳು ನೆನಪಾಗುತ್ತವೆ. ಫೆನ್‌ವೇ ಪಕ್ಕದ ರಸ್ತೆಯಿಂದ ಯಾಕಿಯ ಹೆಸರನ್ನು ತೆಗೆದದ್ದು 2018ರಲ್ಲಿ. ಶಾಪದ ಕಥೆಗೆ ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿತ್ತು.

ಶಾಪದ ಕಥೆಗೆ ಇನ್ನೊಂದು ಗುಣವಿದೆ. ಮೇಲಿನವರನ್ನು ಬಿಟ್ಟು ಕೈಗೆ ಸಿಕ್ಕವರನ್ನು ಹಿಡಿಯುತ್ತದೆ. 1986ರಲ್ಲಿ ಚೆಂಡು ಬಿಲ್ ಬಕ್ನರ್‌ನ ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಆ ಒಂದು ಚೆಂಡಿಗಾಗಿ ಅವನನ್ನು ವರ್ಷಗಟ್ಟಲೆ ಕಾಡಿದರು. ಅದು ಆರನೇ ಪಂದ್ಯ, ಗೆಲ್ಲಲು ಏಳನೆಯದೂ ಇತ್ತು ಎಂಬುದು ಯಾರಿಗೂ ಬೇಡವಾಯಿತು. 2003ರಲ್ಲಿ ಷಿಕಾಗೋದ ಒಬ್ಬ ಪ್ರೇಕ್ಷಕ, ಸುತ್ತಲಿದ್ದ ಬೇರೆಯವರಂತೆಯೇ, ತನ್ನತ್ತ ಬಂದ ಚೆಂಡಿಗೆ ಕೈ ಚಾಚಿದ. ಆಗ ತಂಡ 3-0 ಮುಂದಿತ್ತು. ಅದೇ ಇನಿಂಗ್ಸ್‌ನಲ್ಲಿ ಆಟಗಾರರು ಚೆಂಡು ಕೈಬಿಟ್ಟು, ಪಿಚರ್‌ಗಳು ಎಡವಿ, ಎಂಟು ರನ್ ಕೊಟ್ಟರು. ಕಾವಲಿನಲ್ಲಿ ಹೊರಗೆ ಹೋಗಬೇಕಾಗಿ ಬಂದದ್ದು ಮಾತ್ರ ಟಿಕೆಟ್ ಕೊಂಡು ಬಂದಿದ್ದ ಆ ಮನುಷ್ಯ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಬರೆದಾಗಿದೆ. ಗೆದ್ದ ಮೇಲೆ ತಂಡ ಅವನಿಗೂ ಒಂದು ಚಾಂಪಿಯನ್ ಉಂಗುರ ಕೊಟ್ಟಿತು. ಹದಿನಾಲ್ಕು ವರ್ಷಕ್ಕೆ ಒಂದು ಉಂಗುರ.

ಕಾದವರಿಗೆ ಸಿಕ್ಕೇ ಸಿಗುತ್ತದೆ ಎನ್ನುವುದು ಸಿಕ್ಕವರು ಹೇಳುವ ಮಾತು. ಸಿಗದವರ ಊರು ನನಗೆ ಗೊತ್ತು, ನಾನು ಅಲ್ಲೇ ಬಾಡಿಗೆಗೆ ಇದ್ದೇನೆ. ಓಕ್‌ಲೆಂಡ್. ಇಲ್ಲಿಯ ಅಥ್ಲೆಟಿಕ್ಸ್ ತಂಡವನ್ನು ಎಲ್ಲರೂ ಎ'ಸ್ ಎನ್ನುತ್ತಿದ್ದರು. ಬಂದ ಹೊಸತರಲ್ಲಿ ಟಿಕೆಟ್ ಅಗ್ಗ ಎಂಬ ಒಂದೇ ಕಾರಣಕ್ಕೆ ಹೋದೆ. ರೈಲಿಳಿದು ಉದ್ದನೆಯ ಕಾಲುಸೇತುವೆ ದಾಟಿದರೆ ಕೊಲಿಸಿಯಂ. ಕಾಂಕ್ರೀಟಿನ ಮುದಿ ಬಟ್ಟಲು. 2013ರಲ್ಲೊಮ್ಮೆ ಚರಂಡಿ ನೀರು ಆಟಗಾರರ ಕೋಣೆಗಳಿಗೇ ನುಗ್ಗಿತ್ತು. ಆದರೆ ಬಲಗಡೆಯ ಬೆಂಚುಗಳಲ್ಲಿ ಡ್ರಮ್ ಬಾರಿಸುವವರಿದ್ದರು. ಅವರ ಪಕ್ಕ ಕೂತ ಮೇಲೆ ಬೇರೆ ತಂಡ ಆರಿಸಿಕೊಳ್ಳುವ ಪ್ರಶ್ನೆಯೇ ಬರಲಿಲ್ಲ.

ಈ ಜನ ಕಂಡ ಅಕ್ಟೋಬರ್‌ಗಳನ್ನು ಕೇಳಿ. 2000ದಿಂದ 2003ರವರೆಗೆ ಸತತ ನಾಲ್ಕು ವರ್ಷ, ಐದು ಪಂದ್ಯಗಳ ಮೊದಲ ಸುತ್ತಿನ ಐದನೆಯ ಪಂದ್ಯದಲ್ಲಿ ಸೋಲು. ನಡುವೆ 2002ರಲ್ಲಿ ಸತತ 20 ಗೆಲುವು. ಅದರ ಮೇಲೆ 'ಮನಿಬಾಲ್' ಪುಸ್ತಕ ಬಂತು, ಬ್ರಾಡ್ ಪಿಟ್‌ನ ಸಿನಿಮಾ ಬಂತು. ಕಡಿಮೆ ದುಡ್ಡಿನಲ್ಲಿ ಬುದ್ಧಿವಂತಿಕೆಯಿಂದ ತಂಡ ಕಟ್ಟಿದ ಕಥೆಯೆಂದು ಅದನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲೂ ಹೇಳುತ್ತಾರೆ. ದುಡ್ಡು ಯಾಕೆ ಕಡಿಮೆಯಿತ್ತು ಎಂದು ಯಾರೂ ಕೇಳುವುದಿಲ್ಲ. 2012, 2013ರಲ್ಲಿ ಮತ್ತೆ ಐದನೆಯ ಪಂದ್ಯದಲ್ಲೇ ಸೋಲು. 2014ರಲ್ಲಿ ಹನ್ನೆರಡು ಇನಿಂಗ್ಸ್ ಆಡಿ 9-8ರ ಸೋಲು. 2019ರ ಅಕ್ಟೋಬರ್ 2ರಂದು, ಸೋತರೆ ಮನೆಗೆ ಎನ್ನುವ ಒಂದೇ ಪಂದ್ಯಕ್ಕೆ 54,005 ಜನ ಆ ಮುದಿ ಬಟ್ಟಲು ತುಂಬಿದರು. ಟ್ಯಾಂಪಾ ಬೇ ತಂಡದ ಮೊದಲ ಬ್ಯಾಟರೇ ಹೋಮ್‌ರನ್ ಹೊಡೆದ. 5-1.

ಆ 54,005 ಜನ ಇದ್ದ ಊರಿನ ಬಗ್ಗೆಯೇ ಮುಂದೆ ಹೇಳಿದ್ದು: ಇಲ್ಲಿ ಪ್ರೇಕ್ಷಕರೇ ಬರುವುದಿಲ್ಲ! ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಸೋಲುವ ತಂಡವನ್ನು ಕಣಕ್ಕಿಳಿಸಿ, ಖಾಲಿ ಬೆಂಚುಗಳ ಕಡೆ ಬೆರಳು ತೋರಿಸಿದರು. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ, ಮಾಲೀಕ ಜಾನ್ ಫಿಷರ್, ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ಹೊರಟಾಗ ಅಭಿಮಾನಿಗಳು ತಲೆಕೆಳಗಾದ ಬಹಿಷ್ಕಾರ ಹೂಡಿದರು: ಎಲ್ಲರೂ ಒಂದೇ ದಿನ ಬರುವುದು. 2023ರ ಜೂನ್ 13ರಂದು 27,759 ಜನ ಬಂದೆವು. ಹಸಿರು ಅಂಗಿಗಳ ಮೇಲೆ ಒಂದೇ ಪದ, 'ಸೆಲ್'. ತಂಡವನ್ನು ಮಾರು, ಊರನ್ನು ಬಿಡು ಅಂತ. ಆ ವರ್ಷ 112 ಪಂದ್ಯ ಸೋತ ತಂಡ ಆವತ್ತು 2-1ರಿಂದ ಗೆದ್ದಿತು. ಅದೇ ವಾರ ನೆವಾಡಾ ರಾಜ್ಯ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಕಾಯಿದೆ ಮಾಡಿತು. ನವೆಂಬರ್‌ನಲ್ಲಿ ಮಿಕ್ಕ ಮಾಲೀಕರೆಲ್ಲ ಒಮ್ಮತದಿಂದ ಕೈಯೆತ್ತಿದರು. ಒಬ್ಬರೂ ಬೇಡ ಎನ್ನಲಿಲ್ಲ. ಶಾಪ ಕೊಡಲು ಆವತ್ತು ಯಾವ ಮೇಕೆಯೂ ಬರಲಿಲ್ಲ.

ಇದು ಹೊಸದೂ ಅಲ್ಲ. ನಮ್ಮ 'ಈ ಸಲ ಕಪ್ ನಮ್ದೇ' ಹುಟ್ಟುವ ಎಷ್ಟೋ ಮುಂಚೆ ಬ್ರೂಕ್ಲಿನ್‌ನವರಿಗೆ 'ಮುಂದಿನ ವರ್ಷ ನೋಡೋಣ' ಇತ್ತು. ಸೋತು ಸೋತು 1955ರಲ್ಲಿ ಗೆದ್ದರು. 1957ರ ಕೊನೆಗೆ ತಂಡ ಲಾಸ್ ಏಂಜಲೀಸ್‌ಗೆ ಹೊರಟಿತು. ಇದ್ದ ಮೈದಾನ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು.

ಬೆಂಗಳೂರಿನ ಮಾತು ಬಂದಮೇಲೆ ಮುಂದಿನದನ್ನೂ ಹೇಳಲೇಬೇಕು. ಹದಿನೆಂಟನೆಯ ಸೀಸನ್‌ನಲ್ಲಿ, 2025ರ ಜೂನ್ 3ರಂದು, ಆರ್‌ಸಿಬಿ ಗೆದ್ದಿತು. ಇಲ್ಲಿ ಬೆಳಗಿನ ಹೊತ್ತು. ನಾನು ಒಬ್ಬಳೇ ಕೋಣೆಯಲ್ಲಿ ಕುಣಿದೆ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ನೂಕುನುಗ್ಗಲಲ್ಲಿ ಹನ್ನೊಂದು ಜನ ಸತ್ತರು. ವರ್ಷಗಟ್ಟಲೆ ಜಾಹೀರಾತುಗಳಲ್ಲಿ ಹೊಗಳಿಸಿಕೊಂಡದ್ದು ಇದೇ ಜನರ ನಿಷ್ಠೆ. ಅದು ನಿಜವಾಗಿ ಮೈತಳೆದು ಬಾಗಿಲಿಗೆ ಬಂದಾಗ ಅದನ್ನು ಒಳಗೆ ಕರೆದುಕೊಳ್ಳುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ. ಸಂಜೆ ಅಮ್ಮ ಫೋನಿನಲ್ಲಿ, "ಆ ಮಕ್ಕಳು ಏನು ತಪ್ಪು ಮಾಡಿದ್ವು?" ಎಂದಳು. ಅಭಿಮಾನಿಗಳು ಶಿಸ್ತು ಕಲಿಯಬೇಕು ಎಂಬ ಉಪದೇಶ ಅಷ್ಟರಲ್ಲಾಗಲೇ ಶುರುವಾಗಿತ್ತು.

ಹಾಗಾದರೆ ನೀನು ಯಾಕೆ ನೋಡುತ್ತೀಯ ಎಂದು ಸಿಯಾಟಲ್‌ನ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಡ್ರಮ್ ಬಾರಿಸುವವರ ಪಕ್ಕದಲ್ಲಿ ಕೂತಿದ್ದ ಮಧ್ಯಾಹ್ನಗಳು ಫಿಷರ್ ಕೊಟ್ಟದ್ದಲ್ಲ, ನಾವೇ ಮಾಡಿಕೊಂಡದ್ದು. ಅವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಬಿಡಬೇಕಾದ್ದು ಕಾಯುವವರ ಹೊಗಳಿಕೆಯನ್ನು. ಸಿಯಾಟಲ್‌ನವನಿಗೆ ನಾನು ಹೇಳಿದ್ದು ಇಷ್ಟೇ: ಅಳು, ತಪ್ಪಿಲ್ಲ, ಅತ್ತಾದ ಮೇಲೆ ನಿನ್ನ ತಂಡದ ಮಾಲೀಕರು ಈ ಚಳಿಗಾಲದಲ್ಲಿ ಆಟಗಾರರ ಮೇಲೆ ಎಷ್ಟು ಖರ್ಚು ಮಾಡುತ್ತಾರೆ ನೋಡು, ಸ್ಟೇಡಿಯಂ ಗುತ್ತಿಗೆ ಎಂದಿಗೆ ಮುಗಿಯುತ್ತದೆ ಓದಿಕೋ. ಅವನಿಗೆ ಅದು ರುಚಿಸಲಿಲ್ಲ.

2024ರ ಸೆಪ್ಟೆಂಬರ್ 26, ಕೊಲಿಸಿಯಂನ ಕೊನೆಯ ಪಂದ್ಯ. 46,889 ಜನರಲ್ಲಿ ನಾನೂ ಒಬ್ಬಳು. 3-2ರಿಂದ ಗೆದ್ದರು. ಆಟ ಮುಗಿದ ಮೇಲೆ ಮೈದಾನದ ಕೆಲಸಗಾರರು ಅಂಗಳದ ಮಣ್ಣನ್ನು ತೆಗೆದು ಬೇಲಿಯ ಬಳಿ ನಿಂತವರಿಗೆ ಕೊಡುತ್ತಿದ್ದರು. ನನ್ನ ಪಕ್ಕದ ಅಜ್ಜಿ ಸೋಡಾ ಕುಡಿದ ಪ್ಲಾಸ್ಟಿಕ್ ಲೋಟ ಚಾಚಿ ಒಂದು ಹಿಡಿ ಹಾಕಿಸಿಕೊಂಡಳು. ತಳದಲ್ಲಿ ಐಸ್ ಉಳಿದಿತ್ತೇನೋ, ಮಣ್ಣು ಕೆಸರಾಯಿತು. ಲೋಟ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಲುಸೇತುವೆಯ ಕಡೆ ನಡೆದಳು.