ನೆನೆದ ಗೋಡೆಗೆ ಸಿಮೆಂಟು ಮೆತ್ತಬೇಡಿ

ಮಳೆ ಬಾರದಿದ್ದರೆ ಶೇಂಗಾ ಒಣಗುತ್ತೆ ಅನ್ನೋ ಚಿಂತೆ. ಬಿಡದೆ ಹಿಡಿದರೆ ಗೋಡೆ ಕೂತೀತು ಅನ್ನೋ ಚಿಂತೆ. ನಮ್ಮ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆ ಇರುವವರ ಪಾಡು ಇದು. ಶೇಂಗಾ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಗೋಡೆ ಬಗ್ಗೆ ಬರೆದವರನ್ನು ನಾನು ಕಾಣೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಏಳನೇ ಕ್ಲಾಸು ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಚಳ್ಳಕೆರೆ ತಾಲ್ಲೂಕು. ಆರು ಎಕರೆ ಖುಷ್ಕಿ ಹೊಲ. ಮನೆ ನಮ್ಮ ತಾತ ಕಟ್ಟಿಸಿದ್ದು. ಕಲ್ಲಿನ ಪಾಯ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಬೇವಿನ ತೊಲೆ, ಜಂತೆ, ಅದರ ಮೇಲೆ ಚಕ್ಕೆ, ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇಂಥ ಮನೆಗಳು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ಹೊಸ ಮನೆ ಕಟ್ಟಲು ಕೈಲಾಗದವರು ಇದ್ದುದನ್ನೇ ರಿಪೇರಿ ಮಾಡಿಕೊಂಡು ಬದುಕುತ್ತಿದ್ದಾರೆ. ಆ ರಿಪೇರಿಯಲ್ಲೇ ನಾವು ಎಡವುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಗೋಡೆಯೋ ನೆಲವೋ ನೆನೆದು ಹಾಳಾದರೆ ಮೊದಲು ನೀರು ಬಂದ ದಾರಿ ಹುಡುಕಬೇಕು. ಆ ದಾರಿ ಕಟ್ಟಬೇಕು. ಆಮೇಲೆ ಒಳಗಿನ ತೇವ ಆರಬೇಕು. ಇಷ್ಟು ಮಾಡದೆ ಮೇಲೆ ಸಿಮೆಂಟು ಮೆತ್ತಿದರೆ ಕಾಯಿಲೆಯನ್ನು ಮುಚ್ಚಿಟ್ಟಂಗೆ. ಇದನ್ನು ನಾನು ದುಡ್ಡು ಕಳಕೊಂಡು ಕಲಿತೆ. ಇನ್ನೊಂದು ಚೂರಿಗೆ ಅವ್ವನನ್ನೂ ಕಳಕೊಳ್ಳುತ್ತಿದ್ದೆ.

ನಾನು ಮಾಡಿದ ತಪ್ಪು

2012ರಲ್ಲಿ ಮಗಳ ಮದುವೆ. ಬೀಗರು ಬರ್ತಾರೆ, ಮನೆ ಲಕ್ಷಣವಾಗಿ ಕಾಣಲಿ ಅಂತ ಮಣ್ಣಿನ ಗೋಡೆಯ ಹೊರಮೈಗೆ ಸಿಮೆಂಟು ಗಿಲಾವು ಮಾಡಿಸಿದೆ. ಒಳಗೆ ಸಗಣಿ ಸಾರಿಸುತ್ತಿದ್ದ ನೆಲಕ್ಕೂ ಸಿಮೆಂಟು ಬಳಿಸಿದೆ. ಅವ್ವ ಬೇಡ ಅಂದಳು. "ಮಣ್ಣಿಗೂ ಸಿಮೆಂಟಿಗೂ ಒಗ್ಗಲ್ಲ ಕಣೋ" ಅಂದಳು. "ನಿನಗೇನು ಗೊತ್ತಾಗುತ್ತೆ, ಸುಮ್ಮನಿರವ್ವ" ಅಂದೆ.

ಎರಡು ಮೂರು ವರ್ಷ ಚೆನ್ನಾಗಿತ್ತು. ಆಮೇಲೆ ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಬಿಳಿ ಉಪ್ಪು ಏಳತೊಡಗಿತು. ಅಲ್ಲಲ್ಲಿ ಗಿಲಾವು ಉಬ್ಬಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಡೆದ ಕಡೆ ಮತ್ತೆ ಸಿಮೆಂಟು ಮೆತ್ತಿಸಿದೆ. ಹೀಗೆ ಮೂರು ಸಲ ಆಯಿತು. ಎತ್ತು ಮಾರಿದ ಮೇಲೆ ಗಾಡಿಯೂ ಹೋಯಿತು. ಎರಡು ವರ್ಷಕ್ಕೊಮ್ಮೆ ಮಾಳಿಗೆಗೆ ಕರಲು ಹೇರಿಸುವುದನ್ನು ಬಿಟ್ಟೆವು. ಬದಲಿಗೆ ತಾಡಪಾಲು ಹೊದಿಸಿ ಕಲ್ಲು ಹೇರುತ್ತಿದ್ದೆವು.

2022ರ ಮಳೆ ನೆನಪಿರಬಹುದು. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ, 89 ವರ್ಷದ ಮೇಲೆ. ಊರೆಲ್ಲ ಸಂತೋಷಪಟ್ಟಿತು. ಆ ಮಳೆಗಾಲದ ಒಂದು ರಾತ್ರಿ ಅವ್ವ ನನ್ನನ್ನು ಎಬ್ಬಿಸಿದಳು. "ಗೋಡೆಯೊಳಗೆ ಇಲಿ ಓಡಾಡ್ತಾ ಐತೆ ನೋಡೋ" ಅಂದಳು. ಕಿವಿ ಇಟ್ಟು ಕೇಳಿದೆ. ಇಲಿಯಲ್ಲ, ಗಿಲಾವಿನ ಹಿಂದೆ ಮಣ್ಣು ಸುರಿಯುತ್ತಿತ್ತು. ಅವ್ವನನ್ನು ಹಾಸಿಗೆ ಸಮೇತ ಪಡಸಾಲೆಗೆ ಕರಕೊಂಡು ಬಂದೆ. ಕೋಳಿ ಕೂಗುವ ಮುಂಚೆ ಎಂಟು ಅಡಿ ಉದ್ದದ ಗೋಡೆ ಕುಸಿಯಿತು. ಅರ್ಧ ಬೀದಿಗೆ, ಅರ್ಧ ಅವ್ವ ಮಲಗಿದ್ದ ಜಾಗಕ್ಕೆ. ಹಿಂಗಾರಿಗೆ ಅಂತ ಇಟ್ಟಿದ್ದ ಕಡಲೆ ಬೀಜದ ಚೀಲ ಅದರಡಿ ಸಿಕ್ಕಿತು. ತೆಗೆದು ನೋಡಿದರೆ ಚೀಲದ ತಳ ಮೊದಲೇ ಬೂಷ್ಟು ಹಿಡಿದಿತ್ತು. ಸಿಮೆಂಟು ನೆಲದ ಮೇಲಿಟ್ಟು ಗೋಡೆಗೆ ಒರಗಿಸಿದ್ದೆವಲ್ಲ, ತೇವ ಹೀರಿಕೊಂಡಿತ್ತು.

ನೀರಿನ ದಾರಿ

ಬೆಳಗ್ಗೆ ಬಂದ ಮೇಸ್ತ್ರಿ, ಸಿಮೆಂಟು ಬ್ಲಾಕಿನ ಗೋಡೆ ಎಬ್ಬಿಸೋಣ, 90 ಸಾವಿರ ಆಗುತ್ತೆ ಅಂದ. ನಮ್ಮ ದೊಡ್ಡಪ್ಪ ಒಬ್ಬರಿದ್ದಾರೆ, ವಯಸ್ಸಿನಲ್ಲಿ ಮಣ್ಣಿನ ಗೋಡೆ ಹಾಕುತ್ತಿದ್ದವರು. ಅವರನ್ನು ಕರೆಸಿದೆ. ಅವರು ಬಿದ್ದ ಗೋಡೆ ನೋಡಲೇ ಇಲ್ಲ, ಏಣಿ ಕೇಳಿದರು.

"ಗೋಡೆ ನೋಡು ಬಾ ದೊಡ್ಡಪ್ಪ ಅಂದ್ರೆ ಮಾಳಿಗೆ ಹತ್ತತೀಯಲ್ಲ."

"ಗೋಡೆ ಬಿದ್ದದ್ದು ನಿನಗೂ ಕಾಣುತ್ತೆ, ನನಗೂ ಕಾಣುತ್ತೆ. ನೀರು ಎಲ್ಲಿಂದ ಬಂತು ಅಂತ ಮೊದಲು ನೋಡಾನ ತಡಿ."

ಅವರು ಮೂರು ದಾರಿ ತೋರಿಸಿದರು. ಒಂದು, ಮಾಳಿಗೆ ಮತ್ತು ಕುಂಬಿ ಸೇರುವ ಕಡೆ ಬಿರುಕು. ತಾಡಪಾಲು ಅಲ್ಲೇ ಹರಿದು, ನೀರು ನೇರ ಗೋಡೆಯ ನೆತ್ತಿಗೆ ಇಳಿದಿತ್ತು. ಎರಡು, ಮಾಳಿಗೆ ನೀರು ಹೊರಗೆ ಬೀಳುವ ದೋಣಿ ಮುರಿದು ಮೋಟಾಗಿತ್ತು. ನೀರು ದೂರ ಬೀಳುವ ಬದಲು ಗೋಡೆಗೆ ಹರಿಯುತ್ತಿತ್ತು. ಮೂರು, ಬೀದಿಗೆ ಕಾಂಕ್ರೀಟು ಹಾಕಿದಾಗ ರಸ್ತೆ ಒಂದು ಗೇಣು ಎತ್ತರ ಆಗಿ, ಬೀದಿ ನೀರು ನಮ್ಮ ಗೋಡೆಯ ಬುಡದಲ್ಲಿ ನಿಲ್ಲುತ್ತಿತ್ತು. ಮೂರೂ ವರ್ಷಗಳಿಂದ ಇದ್ದವು. ನಾನು ನೋಡಿದ್ದು ಮಾತ್ರ ಉಬ್ಬಿದ ಗಿಲಾವನ್ನು.

ಸಿಮೆಂಟು ಇದ್ದೂ ನೀರು ಹೇಗೆ ಒಳಗೆ ಹೋಯಿತು ಅಂತ ಕೇಳಿದೆ. ದೊಡ್ಡಪ್ಪ ಕುರಿ ಕಾದವರು, ಅದೇ ಲೆಕ್ಕದಲ್ಲಿ ಹೇಳಿದರು. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿದರೆ ಮೇಲೆ ನೆನೆಯುತ್ತೆ, ಬಿಸಿಲು ಬಂದರೆ ಆರುತ್ತೆ. ಪ್ಲಾಸ್ಟಿಕ್ಕು ಸುತ್ತಿಕೊಂಡರೆ ಒಳಗಿನ ಬೆವರು ಒಳಗೇ. ಎಲ್ಲೋ ಒಂದು ಕಡೆ ಹರಿದಿದ್ದರೆ ಮಳೆ ನೀರೂ ಒಳಗೇ ನಿಲ್ಲುತ್ತೆ.

ಗೋಡೆಯದೂ ಇದೇ ಕಥೆ. ಮಣ್ಣು ನೆನೆದರೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಸಿಮೆಂಟು ಗಿಲಾವು ಹಾಗೆ ಬಾಗುವುದಿಲ್ಲ, ಬಿರುಕು ಬಿಡುತ್ತೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಹೋಗುತ್ತೆ. ಹೋದ ನೀರು ಆರಿ ಹೊರಗೆ ಬರಲು ದಾರಿ ಇಲ್ಲ. ಒಣಗಿದಾಗ ಕಲ್ಲಿನಂತೆ ನಿಲ್ಲುವ ಮಣ್ಣು ತೇವ ತುಂಬಿದಾಗ ಭಾರ ಹೊರಲಾರದು. ಸಿಮೆಂಟು ನೆಲದ್ದೂ ಹೀಗೆಯೇ. ಸಗಣಿ ನೆಲದಲ್ಲಿ ಭೂಮಿಯ ತೇವ ಅಲ್ಲಲ್ಲೇ ಆರಿ ಹೋಗುತ್ತಿತ್ತು. ನೆಲ ಮುಚ್ಚಿದ ಮೇಲೆ ಅದು ಪಕ್ಕದ ಗೋಡೆಗೆ ಏರಿತು. ಬುಡದಲ್ಲಿ ಕಂಡ ಬಿಳಿ ಉಪ್ಪು ಅದರ ಗುರುತು.

ರಿಪೇರಿ ಮಾಡಿದ ಕ್ರಮ

ಮೊದಲು ಕರೆಂಟಿನ ಮೈನು ತೆಗೆದೆವು. ನೆನೆದ ಗೋಡೆಯಲ್ಲಿ ವಯರು ಇದ್ದರೆ ಮುಟ್ಟಿದವರ ಜೀವಕ್ಕೇ ಅಪಾಯ. ಆಮೇಲೆ ತೊಲೆಗೆ ಎರಡು ಕಡೆ ಗಟ್ಟಿ ಕಂಬ ಆಸರೆ ಕೊಟ್ಟೆವು. ಆಸರೆ ಕೊಡದೆ ಗೋಡೆ ಕೆದಕಬಾರದು, ಮಾಳಿಗೆಯೇ ಕೂತುಬಿಡುತ್ತೆ.

ಉಳಿದ ಗೋಡೆಯ ಸಿಮೆಂಟೆಲ್ಲ ಕಿತ್ತು, ಬಿರುಕಿಗೆ ತಾತ್ಕಾಲಿಕವಾಗಿ ಮಣ್ಣು ಮೆತ್ತಿ, ಬಿದ್ದ ಕಡೆ ತಾಡಪಾಲು ಕಟ್ಟಿ ಸಂಕ್ರಾಂತಿ ತನಕ ಹಾಗೇ ಬಿಟ್ಟೆವು. ಮನೆಯವರೆಲ್ಲ ಬೈದರು. ಆದರೆ ಹಸಿ ಗೋಡೆಗೆ ಹೊಸ ಗೋಡೆ ಕೂಡಿಸಿದರೆ ನಿಲ್ಲುವುದಿಲ್ಲ. ಸಿಮೆಂಟು ನೆಲ ಒಡೆದಾಗ ಕೆಳಗಿನ ಮಣ್ಣು ಆಗತಾನೆ ನೀರು ಹಾಯಿಸಿದ ಪಾತಿಯಂತಿತ್ತು. ಅದು ಒಣಗಲು ಎರಡು ತಿಂಗಳು ಹಿಡಿಯಿತು.

ಜಂತೆಗಳನ್ನು ಕಣ್ಣಲ್ಲಿ ನೋಡಿದರೆ ಸಾಲದು. ಗೋಡೆಯೊಳಗೆ ಹುದುಗಿದ ತುದಿಗೆ ಸಲಾಕೆ ಚುಚ್ಚಿ ನೋಡಬೇಕು. ನಮ್ಮವು ಮೇಲೆ ಗಟ್ಟಿಯಾಗಿ ಕಂಡರೂ ಮೂರರ ತುದಿ ಪುಸಕ್ಕನೆ ಒಳಗೆ ಹೋದವು. ಅವನ್ನು ತೆಗೆದು ಒಣಗಿದ ಬೇವು ಹಾಕಿದೆವು.

ಗೋಡೆಗೆ ಬಿದ್ದ ಮಣ್ಣನ್ನೇ ಸಿಮೆಂಟು ಚಕ್ಕೆ ಆರಿಸಿ ಮತ್ತೆ ಬಳಸಿದೆವು. ಸಾಲದ್ದಕ್ಕೆ ನಮ್ಮ ಹೊಲದ ಕೆಂಪು ಮಣ್ಣು. ಎರೆ ಮಣ್ಣು ಒಂದನ್ನೇ ಹಾಕಬಾರದು, ಒಣಗಿದಾಗ ಸೀಳು ಬಿಡುತ್ತೆ. ಮಣ್ಣಿಗೆ ಕತ್ತರಿಸಿದ ಹುಲ್ಲು ಸೇರಿಸಿ ಎಂಟು ದಿನ ಕೊಳೆಹಾಕಿ, ದಿನಾ ತುಳಿದೆವು. ಬುಡಕ್ಕೆ ಎರಡು ಅಡಿ ಕಲ್ಲು ಕಟ್ಟಿ, ಅದರ ಮೇಲೆ ಮಣ್ಣು. ಹಳೆ ಗೋಡೆಯ ಅಂಚನ್ನು ಮೆಟ್ಟಿಲಿನಂತೆ ಕಡಿದು, ನೀರು ಚಿಮುಕಿಸಿ ಹೊಸದನ್ನು ಕೂಡಿಸಿದೆವು. ಒಂದು ಸಲಕ್ಕೆ ಒಂದು ಮೊಳಕ್ಕಿಂತ ಹೆಚ್ಚು ಎತ್ತರಿಸಲಿಲ್ಲ. ಅದು ಆರಿದ ಮೇಲೆ ಮುಂದಿನದು. ಗಿಲಾವಿಗೆ ಜರಡಿ ಹಿಡಿದ ಮಣ್ಣು, ಹೊಟ್ಟು, ಸಗಣಿ. ಮೇಲೆ ಸುಣ್ಣ.

ನೆಲಕ್ಕೆ ಕೆಳಗೆ ಒಂದು ಪದರ ಕಲ್ಲು ಜೋಡಿಸಿ, ಮೇಲೆ ಗರಸು ಹಾಕಿ ದಿಮ್ಮಸೆ ಹೊಡೆದು, ಮಣ್ಣು ಮೆತ್ತಿ ಸಗಣಿ ಸಾರಿಸಿದೆವು. ಕಲ್ಲಿನ ಸಂದಿ ಖಾಲಿ ಇರುವುದರಿಂದ ಕೆಳಗಿನ ತೇವ ಮೇಲಕ್ಕೆ ಏರುವುದು ಕಡಿಮೆ.

ಕಡೆಗೆ ಮಾಳಿಗೆ. ಮತ್ತೆ ಕರಲು ಹೇರಿಸಿ, ದೋಣಿ ಕಡೆಗೆ ಇಳಿಜಾರು ಕೊಟ್ಟೆವು. ಕರಲು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಅದರ ಸಣ್ಣ ಕಣ ಬಿಡಿಬಿಡಿಯಾಗಿ ಸಂದಿಗಳಲ್ಲಿ ಕೂತು ನೀರು ಇಳಿಯಗೊಡುವುದಿಲ್ಲ. ಹೊಲದಲ್ಲಿ ಇದ್ದರೆ ನಾವು ಶಪಿಸುವ ಗುಣ ಮಾಳಿಗೆಯ ಮೇಲೆ ಮನೆ ಕಾಯುತ್ತೆ. ಆದರೆ ಅದನ್ನು ಗೋಡೆಗೆ ಬಳಸಬಾರದು, ಉಪ್ಪು ಕಾರುತ್ತೆ. ದೋಣಿಯನ್ನು ಗೋಡೆಯಿಂದ ಎರಡು ಅಡಿ ಆಚೆಗೆ ಚಾಚಿಸಿದೆವು. ಬೀದಿ ಬದಿಗೆ ಸಣ್ಣ ಕಾಲುವೆ ತೋಡಿ ನೀರು ಆಚೆ ಹರಿಸಿದೆವು.

ಮೂರು ಜಂತೆ, ಟ್ರ್ಯಾಕ್ಟರು ಬಾಡಿಗೆ, ಆಳು ಎಲ್ಲ ಸೇರಿ 27 ಸಾವಿರ ಕೈಬಿಟ್ಟಿತು. ಮನೆಮಂದಿಯ ದುಡಿಮೆ ಇದಕ್ಕೆ ಸೇರಿಲ್ಲ.

ಸಿಮೆಂಟಿನ ಮೇಲೆ ಹಗೆಯಿಲ್ಲ

ಸಿಮೆಂಟು ಬಳಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು, ತಕ್ಕ ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಗಟ್ಟಿ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟಿದ್ದಾರೆ. ಅದು ಮಣ್ಣಿನೊಳಗೆ ಬೆರೆತ ಸಿಮೆಂಟು. ನಾವು ಮಾಡುವುದು ಮಣ್ಣಿನ ಮೇಲೆ ಅಂಗಿ ತೊಡಿಸುವ ಕೆಲಸ. ಪೂರ್ತಿ ಇಟ್ಟಿಗೆ ಮನೆ ಕಟ್ಟುವ ಶಕ್ತಿ ಇದ್ದವರು ಕಟ್ಟಲಿ. ಒಳಗೆ ಮಣ್ಣು, ಮೇಲೆ ಸಿಮೆಂಟು ಅನ್ನುವ ಅರೆಬರೆ ಮನೆಯೇ ಅಪಾಯ, ಯಾಕೆಂದರೆ ಒಳಗೆ ಕೆಟ್ಟದ್ದು ಹೊರಗೆ ಕಾಣುವುದಿಲ್ಲ. ಬರೀ ಮಣ್ಣಿನ ಗೋಡೆ ಬೀಳುವ ಮುಂಚೆ ಕರಗಿ, ಬಿರಿದು, ನಮಗೆ ಹೇಳಿಯೇ ಬೀಳುತ್ತೆ.

ಮಣ್ಣಿನ ಮನೆಗೆ ವರ್ಷ ವರ್ಷ ಕೈ ಹಾಕಬೇಕು, ಯಾರಿಗಿದೆ ಪುರುಸೊತ್ತು ಅಂತ ನನ್ನ ಮಗನೇ ಕೇಳುತ್ತಾನೆ. ಅವನ ಮಾತಿನಲ್ಲೂ ನ್ಯಾಯ ಇದೆ. ಹುಡುಗರು ಬೆಂಗಳೂರು ಸೇರಿದ್ದಾರೆ, ಗೋಡೆ ಹಾಕಬಲ್ಲವರು ಮುದುಕರಾಗಿದ್ದಾರೆ. ಆದರೆ ಬೇಸಗೆಯಲ್ಲಿ ಮೂರು ದಿನದ ಕೆಲಸ ತಪ್ಪಿಸಿ ನಾನು ಕಳಕೊಂಡದ್ದು ನಾಲ್ಕು ತಿಂಗಳು.

ಸರ್ಕಾರಕ್ಕೂ ಒಂದು ಮಾತು. 2022ರಿಂದ 2026ರವರೆಗಿನ ವಿಪತ್ತು ನಿಧಿಯ ನಿಯಮದಲ್ಲಿ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1 ಲಕ್ಷ 20 ಸಾವಿರ, ಕಚ್ಚಾ ಮನೆ ಶೇಕಡಾ 15ಕ್ಕಾದರೂ ಹಾಳಾಗಿದ್ದರೆ 4 ಸಾವಿರ ರೂಪಾಯಿ. ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ರಾಜ್ಯದವರು ತಮ್ಮ ಕೈಯಿಂದ ಸೇರಿಸಿ ಕೊಟ್ಟದ್ದೂ ಉಂಟು. ಆದರೆ ಎಲ್ಲ ದುಡ್ಡೂ ಬಿದ್ದ ಮೇಲೆ. ಬೀಳುವ ಮುಂಚೆ ಜಂತೆ ಬದಲಿಸಲು, ಕರಲು ಹೇರಿಸಲು ಬಡವನಿಗೆ ಐದು ಸಾವಿರ ಕೈಗೆ ಬಂದರೆ ಎಷ್ಟೋ ಮನೆ ಉಳಿದಾವು, ಜೀವವೂ ಉಳಿದಾವು. ಬೀದಿಗೆ ಕಾಂಕ್ರೀಟು ಹಾಕುವವರು ಅಕ್ಕಪಕ್ಕದ ಮನೆಯ ಬುಡ ನೋಡಿ ಹಾಕಿದರೆ ಅದೂ ದೊಡ್ಡ ಉಪಕಾರ.

2025ರ ಜನವರಿಯಲ್ಲಿ ವಾಣಿವಿಲಾಸ ಮತ್ತೆ ಕೋಡಿ ಬಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ನಮ್ಮ ಗೋಡೆ ಮೇಲೆಮೇಲೆ ಒಂದಿಷ್ಟು ತೊಳೆದುಹೋಯಿತು, ಅಷ್ಟೇ. ಯುಗಾದಿಗೆ ಮುಂಚೆ ಮತ್ತೆ ಮೆತ್ತಿದೆವು. ಅವ್ವ ಈಗಲೂ ಅದೇ ಗೋಡೆ ಪಕ್ಕ ಮಲಗುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ನಾನು ಮಾತ್ರ ಜೋರು ಮಳೆ ಬಂದ ರಾತ್ರಿ ಎದ್ದು ಗೋಡೆಗೆ ಒಂದು ಸಲ ಅಂಗೈ ಇಟ್ಟು ನೋಡುತ್ತೇನೆ.

ಈ ಸಲ ರೋಹಿಣಿ ಮಳೆಗೆ ಮುಂಚೆ ನೀವೂ ಏಣಿ ಹಾಕಿ ಮಾಳಿಗೆ ಹತ್ತಿ ನೋಡಿ. ಕುಂಬಿ ಬಿರುಕು, ದೋಣಿ, ಗೋಡೆಯ ಬುಡ, ಈ ಮೂರನ್ನು ನೋಡಿ. ಒಂದೊಂದು ಸೀಮೆಗೆ ಒಂದೊಂದು ಮಣ್ಣು, ಒಂದೊಂದು ಪದ್ಧತಿ. ನಿಮ್ಮ ಕಡೆ ಹೇಗೆ ಮಾಡುತ್ತೀರಿ ಅನ್ನುವುದನ್ನು ಪತ್ರಿಕೆಗೆ ಬರೆಯಿರಿ. ಬಲ್ಲ ಮುದುಕರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.