ರಿಪಬ್ಲಿಕನ್ ಪಕ್ಷಕ್ಕೆ ನನ್ನ ಓಟು ಯಾಕೆ, ಎಲ್ಲಿಯವರೆಗೆ?

ಊರಿನ ಬಂಧುಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಬ್ಯಾರಿಯಾಗಿ ಹುಟ್ಟಿ, ಮಿಷಿಗನ್‌ನಲ್ಲಿ ಕೂತು ರಿಪಬ್ಲಿಕನ್ ಪಕ್ಷಕ್ಕೆ ಹೇಗೆ ಓಟು ಹಾಕುತ್ತೀಯ? ಅದು ಮುಸ್ಲಿಮರನ್ನು ದೂರ ಇಡುವ ಪಕ್ಷವಲ್ಲವಾ?" ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಉತ್ತರವಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಂಪ್ರದಾಯವಾದಿ ಮತದಾರ. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬುದು ತಂದೆತಾಯಿಯ ಹಕ್ಕು; ಧರ್ಮದ ವಿಷಯಕ್ಕೆ ಸರಕಾರ ಕೈಹಾಕಬಾರದು; ಇಂದಿನ ಖರ್ಚಿಗೆ ಸಾಲ ಮಾಡಿ ಮೊಮ್ಮಕ್ಕಳ ತಲೆಗೆ ಕಟ್ಟಬಾರದು; ಜನಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಯುದ್ಧಕ್ಕೆ ಇಳಿಯಬಾರದು. ನನ್ನ ರಾಜಕೀಯ ಇಷ್ಟೇ. ಬ್ಯಾರಿ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ಧರ್ಮದ ವಿಷಯವನ್ನೇ ಮೊದಲು ನೋಡೋಣ. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಅರ್ಕಾನ್ಸಾಸ್ ಜೈಲಿನ ಒಬ್ಬ ಮುಸ್ಲಿಂ ಕೈದಿಯ ಅರ್ಜಿ ಬಂತು. ಅರ್ಧ ಇಂಚು ಗಡ್ಡ ಬಿಡಲು ಆತ ಅನುಮತಿ ಕೇಳಿದ್ದ. ಒಂಬತ್ತೂ ನ್ಯಾಯಾಧೀಶರು ಅವನ ಪರ ನಿಂತರು. ತೀರ್ಪು ಬರೆದವರು ಸಂಪ್ರದಾಯವಾದಿ ಸ್ಯಾಮುಯೆಲ್ ಅಲಿಟೊ. ಎಲ್ಲ ಮುಸ್ಲಿಮರೂ ಗಡ್ಡ ಕಡ್ಡಾಯವೆಂದು ನಂಬುತ್ತಾರೋ ಇಲ್ಲವೋ ಎಂಬುದು ಕೋರ್ಟಿಗೆ ಮುಖ್ಯವಾಗಲಿಲ್ಲ, ಈ ಮನುಷ್ಯನ ನಂಬಿಕೆ ಪ್ರಾಮಾಣಿಕವೇ ಎಂಬುದಷ್ಟೇ ಮುಖ್ಯವಾಯಿತು. ಅದೇ ವರ್ಷ, ತಲೆವಸ್ತ್ರದ ಕಾರಣಕ್ಕೆ ಅಂಗಡಿಯೊಂದರಲ್ಲಿ ಕೆಲಸ ಸಿಗದ ಯುವತಿಯ ಪರವಾಗಿ ತೀರ್ಪು ಬರೆದವರು ಇನ್ನೊಬ್ಬ ಸಂಪ್ರದಾಯವಾದಿ, ಆಂಟನಿನ್ ಸ್ಕಾಲಿಯಾ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯಲ್ಲ ಎಂದದ್ದನ್ನು ನೆನಪಿಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಯಾವುದು ಅತ್ಯಗತ್ಯ ಎಂದು ಸರಕಾರವಾಗಲಿ ನ್ಯಾಯಾಲಯವಾಗಲಿ ನಮಗೆ ಹೇಳಬಾರದು ಎಂಬ ತತ್ವವೇ ನನ್ನನ್ನು ಈ ಕಡೆಗೆ ಎಳೆದದ್ದು.

2025ರ ಜೂನಿನಲ್ಲಿ ಮೇರಿಲ್ಯಾಂಡಿನ ಮುಸ್ಲಿಂ ಮತ್ತು ಕ್ರೈಸ್ತ ಪೋಷಕರು ಒಟ್ಟಾಗಿ ಗೆದ್ದರು. ತಮ್ಮ ಧರ್ಮಕ್ಕೆ ಒಪ್ಪದ ಕಥೆಪುಸ್ತಕಗಳ ಪಾಠದಿಂದ ಮಕ್ಕಳನ್ನು ಹೊರಗಿಡುವ ಅವಕಾಶವನ್ನು ಕೋರ್ಟು 6-3ರಿಂದ ಎತ್ತಿಹಿಡಿಯಿತು. ಆ ಆರೂ ಮಂದಿಯನ್ನು ನೇಮಿಸಿದವರು ರಿಪಬ್ಲಿಕನ್ ಅಧ್ಯಕ್ಷರು.

ಇದು ಒಂದು ಮಗ್ಗುಲು. ಇನ್ನೊಂದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. 2017ರ ಜನವರಿಯಲ್ಲಿ ಟ್ರಂಪ್ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳವರಿಗೆ ಬಾಗಿಲು ಮುಚ್ಚಿದರು. ಮರುವರ್ಷ, ತಿದ್ದಿದ ಆದೇಶವನ್ನು ಇದೇ ಕೋರ್ಟು 5-4ರಿಂದ ಒಪ್ಪಿತು. ಧರ್ಮದಿಂದ ಸರಕಾರ ದೂರ ಇರಬೇಕು ಎನ್ನುವವರು ಅಂದು ತಮ್ಮದೇ ಮಾತನ್ನು ಮರೆತರು. ನಾನು ಅದನ್ನು ಸಮರ್ಥಿಸುವುದಿಲ್ಲ.

ಹಣದ ಲೆಕ್ಕವೂ ಹಾಗೆಯೇ. ಮಿತವ್ಯಯದ ಉಪದೇಶ ಮಾಡುವ ಪಕ್ಷ ಇದು. ಆದರೆ ದೇಶದ ಸಾಲ 2024ರ ನವೆಂಬರಿನಲ್ಲಿ 36 ಲಕ್ಷ ಕೋಟಿ ಡಾಲರ್ ದಾಟಿತು, ಅದರಲ್ಲಿ ಎರಡೂ ಪಕ್ಷಗಳ ಪಾಲಿದೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಮಸೂದೆ ಹತ್ತು ವರ್ಷಗಳಲ್ಲಿ ಇನ್ನೂ 3.4 ಲಕ್ಷ ಕೋಟಿ ಡಾಲರ್ ಕೊರತೆ ತರುತ್ತದೆಂದು ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜಿಸಿದೆ. ಅದೇ ಕಾಯ್ದೆಯಲ್ಲಿ, ಹೊರದೇಶಕ್ಕೆ ನಗದಾಗಿ ಕಳಿಸುವ ಹಣಕ್ಕೆ ಶೇ. 1ರ ತೆರಿಗೆಯೂ ಸೇರಿತು. ಬ್ಯಾಂಕ್ ಖಾತೆಯಿಂದ ಕಳಿಸಿದರೆ ತೆರಿಗೆ ಇಲ್ಲ. ದುಡಿದು, ತೆರಿಗೆ ಕಟ್ಟಿ, ಉಳಿದದ್ದನ್ನು ಉಮ್ಮನಿಗೆ ಕಳಿಸುವವನಿಂದ ಮತ್ತೆ ತೆರಿಗೆ ಕೇಳುವುದು ಯಾವ ಸಂಪ್ರದಾಯವಾದ?

ಯುದ್ಧ ಘೋಷಿಸುವ ಅಧಿಕಾರವನ್ನು ಸಂವಿಧಾನ ಸಂಸತ್ತಿಗೆ ಕೊಟ್ಟಿದೆ. 2025ರ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಹಾಕುವಾಗ ಸಂಸತ್ತನ್ನು ಕೇಳಲಿಲ್ಲ. ಇದನ್ನು ತಡೆಯಲು ನಿರ್ಣಯ ತಂದವರಲ್ಲಿ ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮ್ಯಾಸಿ ಒಬ್ಬರು. ಆ ದೊಡ್ಡ ಮಸೂದೆಯ ವಿರುದ್ಧವೂ ಅವರು ಓಟು ಹಾಕಿದರು. ನನ್ನ ಪಕ್ಷ ಅಂತ ನಾನು ಯಾವುದನ್ನಾದರೂ ಕರೆಯುವುದಿದ್ದರೆ ಅಂಥವರಿರುವ ಪಕ್ಷವನ್ನು.

ಹಾಗಾದರೆ ಡೆಮಾಕ್ರಟಿಕ್ ಪಕ್ಷಕ್ಕೆ ಹೋಗಬಹುದಲ್ಲ ಎನ್ನುತ್ತೀರಿ. 2001ರ ಪೇಟ್ರಿಯಟ್ ಕಾಯ್ದೆಗೆ ಸೆನೆಟಿನಲ್ಲಿ ಬಿದ್ದ ವಿರೋಧದ ಓಟು ಒಂದೇ ಒಂದು. ಗಾಝಾದ ಮೇಲೆ ಬಾಂಬು ಸುರಿಯುತ್ತಿದ್ದಾಗ ಇಸ್ರೇಲಿಗೆ ಆಯುಧ ಕಳಿಸಿದ್ದು ಬೈಡನ್ ಸರಕಾರ. ಮುಸ್ಲಿಮರ ಓಟು ಎಲ್ಲಿಗೂ ಹೋಗದು ಎಂಬ ಧೈರ್ಯ ಅವರಿಗಿತ್ತು. 2024ರಲ್ಲಿ ನಮ್ಮ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಟ್ರಂಪ್‌ಗೆ ಸುಮಾರು ಶೇ. 42, ಹ್ಯಾರಿಸ್‌ಗೆ 36, ಜಿಲ್ ಸ್ಟೈನ್‌ಗೆ 18 ಓಟು ಬಿದ್ದವು. ಧೈರ್ಯ ಅಲ್ಲಿಗೆ ಮುರಿಯಿತು.

ಆದರೆ ಸಿಟ್ಟಿನಿಂದ ಹಾಕಿದ ಓಟಿಗೂ ಆಯುಷ್ಯ ಕಡಿಮೆ. 2000ದಲ್ಲಿ ಮುಸ್ಲಿಂ ಸಂಘಟನೆಗಳ ಒಕ್ಕೂಟ ಜಾರ್ಜ್ ಬುಷ್‌ಗೆ ಬೆಂಬಲ ಘೋಷಿಸಿತ್ತು. ವಲಸಿಗರ ವಿರುದ್ಧ ಗುಪ್ತ ಸಾಕ್ಷ್ಯ ಬಳಸುವುದನ್ನು ಅವರು ಚರ್ಚಾವೇದಿಕೆಯಲ್ಲೇ ಟೀಕಿಸಿದ್ದರು. ಫ್ಲೋರಿಡಾದಲ್ಲಿ ಅವರು ಗೆದ್ದದ್ದು 537 ಓಟಿನಿಂದ. ಮೂರೇ ವರ್ಷದಲ್ಲಿ ಇರಾಕ್ ಯುದ್ಧ ಶುರುವಾಗಿತ್ತು. ಓಟು ಕೊಟ್ಟ ಮೇಲೆ ಪಕ್ಷದ ಒಳಗೆ ಕೂತು ಲೆಕ್ಕ ಕೇಳುವವರು ನಮ್ಮಲ್ಲಿ ಇರಲಿಲ್ಲ.

ಲೆಕ್ಕ ಕೇಳುವ ಜಾಗ ನವೆಂಬರ್ ಅಲ್ಲ, ಪ್ರೈಮರಿ. ಅಭ್ಯರ್ಥಿಯನ್ನು ಆರಿಸುವ ಈ ಒಳಚುನಾವಣೆಗೆ ಬರುವವರು ಕಡಿಮೆ, ಆದ್ದರಿಂದ ಒಂದೊಂದು ಓಟಿಗೂ ತೂಕ ಹೆಚ್ಚು. ಮಿಷಿಗನ್‌ನಲ್ಲಿ ಪಕ್ಷದ ಸದಸ್ಯತ್ವವೂ ಬೇಡ, ಯಾವ ಪಕ್ಷದ ಪ್ರೈಮರಿಯಲ್ಲಿ ಬೇಕಾದರೂ ಓಟು ಹಾಕಬಹುದು. ಶಾಲಾ ಮಂಡಳಿಯ ಚುನಾವಣೆಯೂ ಅಷ್ಟೇ ಮುಖ್ಯ. ಮೇರಿಲ್ಯಾಂಡಿನ ಆ ಜಗಳ ಶುರುವಾದದ್ದು ಶಾಲಾ ಮಂಡಳಿಯ ತೀರ್ಮಾನದಿಂದ.

ಅಮೆರಿಕದಲ್ಲಿ ಮಕ್ಕಳಿರುವ ಬ್ಯಾರಿ ಕುಟುಂಬಗಳಿಗೆ ನನ್ನ ಮಾತು ಇದು: ಅವರು ಯಾವ ಪಕ್ಷದವರಾದರೂ ಆಗಲಿ, ಪ್ರೈಮರಿಗೆ ಹೋಗಿ ಬಂದರೇ ಎಂದು ಕೇಳಿ. ನನ್ನ ಓಟು ಸದ್ಯ ರಿಪಬ್ಲಿಕನ್ನರ ಕಡೆಗಿದೆ. ಅವರು ತಮ್ಮ ಮಾತಿಗೆ ನಿಲ್ಲುವವರೆಗೆ ಮಾತ್ರ.