ಕ್ಯಾಮೆರಾದ ದಾನವೂ ಚಿತ್ರದ ಒಡೆತನವೂ

ಬಡ ದೇಶಗಳ ತರುಣಿಯರಿಗೆ ಛಾಯಾಚಿತ್ರಣದ ವಿದ್ಯೆಯನ್ನು ಕಲಿಸುವ ಪರೋಪಕಾರಿ ಸಂಸ್ಥೆಗಳು ಈಚೆಗೆ ಪರದೇಶಗಳಲ್ಲಿ ಹಲವು ಹುಟ್ಟಿಕೊಂಡಿರುವವು. 2013ರಲ್ಲಿ ಆರಂಭವಾದ ಲೆನ್ಸೇಷನಲ್ ಎಂಬುದು ಅವುಗಳಲ್ಲೊಂದು. ಕ್ಯಾಮೆರಾವನ್ನು ಕೈಗೆ ಕೊಟ್ಟು, ಕೆಲವು ದಿನ ಪಾಠ ಹೇಳಿ, ಆ ಹೆಣ್ಣುಮಕ್ಕಳು ತೆಗೆದ ಚಿತ್ರಗಳನ್ನು ದೊಡ್ಡ ಪಟ್ಟಣಗಳಲ್ಲಿ ಪ್ರದರ್ಶಿಸುವದು ಇಂಥ ಸಂಸ್ಥೆಗಳ ಸಾಮಾನ್ಯ ಕ್ರಮ. ಉದ್ದೇಶವು ಸ್ತುತ್ಯವಾದುದೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೂ ನಾಳೆ ಇಂಥದೊಂದು ಸಂಸ್ಥೆಯು ನಮ್ಮ ಜಮಖಂಡಿಗೋ, ಮುಧೋಳಕ್ಕೋ, ಬೀಳಗಿಗೋ, ರಬಕವಿ-ಬನಹಟ್ಟಿಗೋ ಬಂದಲ್ಲಿ, ಅದಕ್ಕೆ ಆರತಿ ಎತ್ತುವ ಮೊದಲು ಹೊಸ್ತಿಲಲ್ಲಿಯೇ ನಿಲ್ಲಿಸಿ ಒಂದು ಮಾತನ್ನು ಕೇಳಲೇಬೇಕೆಂದು ನಾವು ಹಟ ಹಿಡಿಯುತ್ತೇವೆ: ತೆಗೆದ ಚಿತ್ರವು ಯಾರದು?

ಮೊದಲು ಮನೆಯೊಳಗಿನ ಆಕ್ಷೇಪಗಳನ್ನು ತೀರಿಸಿಬಿಡೋಣ. ಹೆಣ್ಣುಮಗಳು ಕ್ಯಾಮೆರಾ ಹೊತ್ತು ಓಣಿ ತಿರುಗುವದು ಮರ್ಯಾದೆಯಲ್ಲವೆನ್ನುವ ಹಿರಿಯರು ಇನ್ನೂ ಇದ್ದಾರೆ. ಅದೇ ಹಿರಿಯರು ತಮ್ಮ ಸೊಸೆಯ ಕುಪ್ಪಸದ ಕಾರ್ಯಕ್ಕೆ, ಮಗಳ ಅರಿಷಿಣದ ನೀರಿಗೆ, ಹೆಂಗಸರೇ ನೆರೆದ ಒಳಮನೆಗೆ ಪರಗಂಡಸೊಬ್ಬನನ್ನು ಕ್ಯಾಮೆರಾ ಸಹಿತ ಕರೆತರುವರು! ಮರ್ಯಾದೆಯ ಲೆಕ್ಕದಲ್ಲಿಯೇ ನೋಡಿದರೂ ಅಲ್ಲಿ ಹೆಣ್ಣುಮಗಳಿರುವದು ಲೇಸು. ಇನ್ನು ಕೆಲವರು, ಎಲ್ಲರ ಕೈಯಲ್ಲಿಯೂ ಮೊಬೈಲು ಇರುವಾಗ ಕಲಿಸುವದೇನಿದೆ ಎನ್ನುವರು. ಮನೆಮನೆಯಲ್ಲಿ ಲೇಖಣಿ ಇದ್ದ ಮಾತ್ರಕ್ಕೆ ಮನೆಮನೆಯಲ್ಲಿ ರನ್ನನು ಹುಟ್ಟಲಿಲ್ಲ. ಬೆಳಕನ್ನು ಅಳೆಯುವದು, ಎಲ್ಲಿ ನಿಲ್ಲಬೇಕೆಂದು ಅರಿಯುವದು, ನೂರರಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುವದು, ಗಿರಾಕಿಯೊಡನೆ ದರ ಮಾತಾಡುವದು, ಇವೆಲ್ಲ ಕಲಿತೇ ಬರತಕ್ಕ ವಿದ್ಯೆಗಳು.

ನಮ್ಮ ಸಂಶಯಕ್ಕೆ ಕಾರಣವು ಬೇರೆ. ಈ ಸೀಮೆಯ ಹೆಂಗಸರಿಗೂ ಕ್ಯಾಮೆರಾಕ್ಕೂ ಇರುವ ಸಂಬಂಧವು ಹೊಸದಲ್ಲ. ಅದು ಬಹುಕಾಲ ಒಂದೇ ದಿಕ್ಕಿನದಾಗಿತ್ತು. 1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿದ ಮೇಲೆಯೂ ಮುಧೋಳ, ಜಮಖಂಡಿಗಳ ಕೇರಿಗಳನ್ನು ಹುಡುಕಿಕೊಂಡು ದೇಶವಿದೇಶಗಳ ಕ್ಯಾಮೆರಾಗಳು ಬಂದವು. ಕುಂಕುಮ, ಮುತ್ತು, ದುಃಖದ ಕಣ್ಣು, ಇಷ್ಟೇ ಅವರಿಗೆ ಬೇಕಾದ ಸಾಮಗ್ರಿ. 2010ರಲ್ಲಿ ಬ್ರಿಟಿಷ್ ಪತ್ರಕರ್ತೆಯೊಬ್ಬರು ಕರ್ನಾಟಕ-ಮಹಾರಾಷ್ಟ್ರಗಳ ಗಡಿಸೀಮೆಯ ಇಂಥ ಹೆಂಗಸರ ಕುರಿತು ಒಂದು ಚಲನಚಿತ್ರವನ್ನು ಮಾಡಿ ಇಂಟರ್‌ನೆಟ್ಟಿನಲ್ಲಿ ಹರಿಯಬಿಟ್ಟರು. ಸಾಂಗ್ಲಿಯ ವ್ಯಾಂಪ್ ಎಂಬ ಸಂಘಟನೆಯ ಹೆಂಗಸರು ಅದನ್ನು ನೋಡಿ ಸುಮ್ಮನಿರಲಿಲ್ಲ. ತಾವೇ ಕ್ಯಾಮೆರಾದ ಎದುರು ಕುಳಿತು, ನಮ್ಮ ಮಾತನ್ನು ತಿರುಚಿದಿರಿ, ನಮ್ಮ ನಂಬಿಕೆಗೆ ದ್ರೋಹ ಬಗೆದಿರಿ ಎಂಬರ್ಥದ ಉತ್ತರವನ್ನು ಚಿತ್ರೀಕರಿಸಿ ಅದೇ ಮಾರ್ಗದಲ್ಲಿ ಲೋಕಕ್ಕೆ ಕಳಿಸಿದರು. ಆ ಉತ್ತರವನ್ನು ಅವರಿಗೆ ಯಾವ ಶಿಬಿರವೂ ಕಲಿಸಿರಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು.

ಕಲಿಸಿದ ಉದಾಹರಣೆಯೂ ಉಂಟು. ಕಲಕತ್ತೆಯ ಸೊನಾಗಾಚಿಯ ಮಕ್ಕಳಿಗೆ ಕ್ಯಾಮೆರಾ ಕೊಟ್ಟು ಕಲಿಸಿದ ಕಥೆಯುಳ್ಳ ಚಿತ್ರವು 2005ರಲ್ಲಿ ಆಸ್ಕರ್ ಪಾರಿತೋಷಕವನ್ನು ಪಡೆಯಿತು. ಮಕ್ಕಳ ಚಿತ್ರಗಳನ್ನು ಮಾರಿ ಬಂದ ಹಣವನ್ನು ಅವರ ಶಿಕ್ಷಣಕ್ಕೆ ವಿನಿಯೋಗಿಸಿದರೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಆ ಮಕ್ಕಳ ತಾಯಂದಿರು ತಾವೇ ಸಂಘ ಕಟ್ಟಿ ವರ್ಷಗಟ್ಟಲೆ ಮಾಡಿದ ಕೆಲಸವು ಚಿತ್ರದಲ್ಲಿ ಕಾಣಿಸಲೇ ಇಲ್ಲವೆಂಬ ದೂರು ಕಲಕತ್ತೆಯಿಂದಲೇ ಎದ್ದಿತು. ಮಕ್ಕಳ ಕೈಗೆ ಕ್ಯಾಮೆರಾ ಬಂದಿತು. ಕಥೆಯನ್ನು ಹೇಳುವ ಅಧಿಕಾರವು ಕೊಟ್ಟವರ ಕೈಯಲ್ಲಿಯೇ ಉಳಿಯಿತು.

ಹೀಗಲ್ಲದೆ ನಡೆದ ಪ್ರಯತ್ನಗಳಿಲ್ಲವೆ? ಇವೆ. ಚೀನಾದ ಯುನಾನ್ ಪ್ರಾಂತದಲ್ಲಿ 1992ರಲ್ಲಿ 62 ಮಂದಿ ರೈತ ಹೆಂಗಸರಿಗೆ ಕ್ಯಾಮೆರಾ ಕೊಡಲಾಯಿತು. ಅವರು ತೆಗೆದ ಚಿತ್ರಗಳಲ್ಲಿ ಒಂದರಲ್ಲಿ ತಾಯಿಯು ಗೋವಿನಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದಾಳೆ, ಕೂಸು ಹೊಲದ ಬದುವಿನಲ್ಲಿ ಒಂಟಿಯಾಗಿ ಮಲಗಿದೆ. ಇಂಥ ಚಿತ್ರಗಳನ್ನು ಆ ಹೆಂಗಸರ ಮಾತಿನೊಡನೆ ಅಲ್ಲಿಯ ಅಧಿಕಾರಿಗಳ ಮುಂದೆಯೇ ಇಡಲಾಗಿ, ಹೊಲಕ್ಕೆ ಹೋಗುವ ತಾಯಂದಿರ ಕೂಸುಗಳ ಪಾಲನೆಯ ಪ್ರಶ್ನೆಯು ಚರ್ಚೆಗೆ ಬಂದಿತು. ಚಿತ್ರವು ಮೊದಲು ಯಾರ ಕಣ್ಣಿಗೆ ಬೀಳಬೇಕೋ ಅವರ ಕಣ್ಣಿಗೇ ಬಿದ್ದಿತು.

ಅಷ್ಟು ದೂರವೇಕೆ? ನಮ್ಮ ಬೀದರಿನ ಗಡಿಯಾಚೆಗೆ ತೆಲಂಗಾಣದ ಜಹೀರಾಬಾದಿನ ಸಮೀಪದಲ್ಲಿ ಪಸ್ತಾಪುರವೆಂಬ ಹಳ್ಳಿಯಿದೆ. ಮೈಸೂರಿನವರಾದ ಪಿ. ವಿ. ಸತೀಶರು (2023ರಲ್ಲಿ ತೀರಿಕೊಂಡರು) ಸಂಗಡಿಗರೊಡನೆ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಅಲ್ಲಿಯ ದಲಿತ ರೈತ ಹೆಂಗಸರಿಗೆ ವಿಡಿಯೋ ಕ್ಯಾಮೆರಾವನ್ನು ಕಲಿಸಿತು. 2001ರಲ್ಲಿ ಅವರದೇ ಒಂದು ಮಾಧ್ಯಮ ಸಂಸ್ಥೆಯು ನಿಂತಿತು. ಓದುಬರಹ ಬಾರದ ಆ ಹೆಂಗಸರು ಕ್ಯಾಮೆರಾದ ಪರಿಭಾಷೆಯನ್ನೇ ತಮ್ಮ ಬದುಕಿನಿಂದ ಹೊಸದಾಗಿ ಕಟ್ಟಿಕೊಂಡರು. ಮೇಲಿನಿಂದ ಕೆಳಗೆ ನೋಡುವ ಕೋನಕ್ಕೆ ಪಟೇಲ ಶಾಟು ಎಂದರು, ಪಟೇಲನು ಆಳುಗಳನ್ನು ನೋಡುವದು ಹಾಗೆಯೇ ಆದುದರಿಂದ. ಕೆಳಗಿನಿಂದ ಮೇಲೆ ನೋಡುವದು ಆಳಿನ ಶಾಟು. ಕಣ್ಣಿಗೆ ಕಣ್ಣು ಸಮನಾಗಿ ಇಟ್ಟದ್ದು ಸಂಘದ ಶಾಟು, ಏಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸರಿಸಮ ಕೂಡ್ರುವರು. ಇಂಥ ಪಾಠವನ್ನು ಯಾವ ಪಠ್ಯಪುಸ್ತಕದಿಂದ ತರೋಣ! ಇದೇ ಹೆಂಗಸರು ವಾರಂಗಲ್ಲಿನ ಬಿ.ಟಿ. ಹತ್ತಿಯ ರೈತರು ಏಕೆ ಸಿಟ್ಟಾಗಿದ್ದಾರೆಂಬುದನ್ನು ಚಿತ್ರೀಕರಿಸಿ 2003ರಲ್ಲಿ ಹೊರತಂದರು.

ಈಗ ಒಡೆತನದ ಮಾತು. 1957ರ ಕೃತಿಸ್ವಾಮ್ಯ ಕಾನೂನಿನಂತೆ ಚಿತ್ರವನ್ನು ತೆಗೆದವರೇ ಅದರ ಕರ್ತೃಗಳು. 2012ರ ತಿದ್ದುಪಡಿಯ ಮೇಲೆ ಆ ಹಕ್ಕು ಅವರ ಆಯುಷ್ಯವಿಡೀ ಇದ್ದು, ಬಳಿಕ 60 ವರ್ಷ ವಾರಸುದಾರರಿಗೆ ನಡೆಯುವದು. ಆದರೆ ಹಣ ಪಡೆದು ಇನ್ನೊಬ್ಬರ ಹೇಳಿಕೆಯ ಮೇರೆಗೆ ತೆಗೆದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದಲ್ಲಿ, ಹಣ ಕೊಟ್ಟವರಿಗೆ ಸೇರುವದೆಂದು ಅದೇ ಕಾನೂನು ಹೇಳುವದು. ಶಿಬಿರದಲ್ಲಿ ಕೊಟ್ಟ ದಿನಭತ್ಯೆಯನ್ನೇ ಆ ಹಣವೆಂದು ವಾದಿಸುವ ಜಾಣರು ನಾಳೆ ಹುಟ್ಟಿಯಾರು. ಮೇಲಾಗಿ, ತನಗೆ ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದ ಹುಡುಗಿಯು ಏನನ್ನು ಬಿಟ್ಟುಕೊಟ್ಟಳೆಂದು ಅವಳಿಗೇ ತಿಳಿದಿರುವದಿಲ್ಲ. ಆದುದರಿಂದ ಕನ್ನಡದಲ್ಲಿ, ಮೊದಲ ದಿನವೇ, ಚಿತ್ರವೂ ಅದರ ಕೆಳಗಿನ ಹೆಸರೂ ಅದರ ಬೆಲೆಯೂ ಅವಳವೇ ಎಂದು ಬರೆದು ಕೊಡದ ಸಂಸ್ಥೆಗೆ ನಮ್ಮ ಊರಿನ ಶಾಲೆಯ ಕೋಣೆಯನ್ನು ಬಿಟ್ಟುಕೊಡಲಾಗದು.

ಹೆಸರಿನ ಮಾತು ಸಣ್ಣದೆಂದು ಯಾರೂ ತಿಳಿಯಬಾರದು. ಭಾರತದ ಮೊದಲ ಮಹಿಳಾ ಪತ್ರಿಕಾಛಾಯಾಗ್ರಾಹಕಿಯಾದ ಹೋಮಾಯಿ ವ್ಯಾರಾವಾಲಾ ಅವರು (1913–2012) ಆರಂಭದಲ್ಲಿ ತೆಗೆದ ಚಿತ್ರಗಳು ಅಚ್ಚಾದುದು ಗಂಡನ ಹೆಸರಿನಲ್ಲಿ. ಅವರಿಗೆ ಪದ್ಮವಿಭೂಷಣ ಬರುವಷ್ಟರಲ್ಲಿ 2011ನೇ ಇಸವಿಯಾಗಿತ್ತು! ದಾನಿಗಳಿಗೆ ಇದು ಅವಮಾನವೆನಿಸಿದರೆ ಅವರು ನಮ್ಮ ಮುಧೋಳದ ಕವಿಯ ಕಡೆಗೆ ನೋಡಲಿ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಕವಿಯು ಅವಳನ್ನು ಮನಸಾರೆ ಹೊಗಳಿದನು. ಕಾವ್ಯ ಮಾತ್ರ ರನ್ನನದಾಗಿಯೇ ಉಳಿಯಿತು, ದಾನಚಿಂತಾಮಣಿಯ ಕೀರ್ತಿಗೆ ಅದರಿಂದ ಕುಂದೇನೂ ಬರಲಿಲ್ಲ.

ಇಷ್ಟಾಗಿ, ನಮ್ಮ ಹುಡುಗಿಯರು ತೆಗೆಯಬೇಕಾದ ಚಿತ್ರಗಳು ಹೊರಗಿನವರಿಗೆ ಹೊಳೆಯತಕ್ಕವೂ ಅಲ್ಲ. ರಬಕವಿ-ಬನಹಟ್ಟಿಗಳ ನೇಕಾರಿಕೆಯ ಚಿತ್ರವೆಂದರೆ ಮಗ್ಗದ ಮೇಲೆ ಕುಳಿತ ಗಂಡಸು ಮತ್ತು ಬಣ್ಣದ ಸೀರೆ. ಆ ಸೀರೆಗೆ ಕಂಡಿಕೆ ಸುತ್ತಿದವಳು, ಒಂದು ಕೈಯಲ್ಲಿ ರಾಟೆ ತಿರುಗಿಸುತ್ತ ಒಲೆಯ ಮೇಲಿನ ಸಾರಿಗೆ ಕಿವಿ ಕೊಟ್ಟವಳು, ಚಿತ್ರದ ಚೌಕಟ್ಟಿನ ಹೊರಗೆ ಕುಳಿತಿರುತ್ತಾಳೆ. ಕೂಲಿಯ ಲೆಕ್ಕದಲ್ಲಿಯೂ ಅವಳು ಬಹಳ ಸಲ ಹೊರಗೇ. ಅವಳ ಮಗಳ ಕೈಯಲ್ಲಿ ಕ್ಯಾಮೆರಾ ಇದ್ದರೆ ಅದು ಮೊದಲು ಎತ್ತ ತಿರುಗೀತೆಂದು ನಾವು ಹೇಳಬೇಕಾಗಿಲ್ಲ.

ಇದಕ್ಕಿಂತ ತ್ವರೆಯ ಕೆಲಸವೊಂದು ಬೀಳಗಿ ಮತ್ತು ಜಮಖಂಡಿ ತಾಲೂಕುಗಳಲ್ಲಿದೆ. ಆಲಮಟ್ಟಿಯ ಆಣೆಕಟ್ಟಿನಲ್ಲಿ 519.6 ಮೀಟರಿನ ವರೆಗೆ ನೀರು ನಿಂತಾಗ ಹಳೆಯ ಬಾಗಲಕೋಟೆಯ ಓಣಿಗಳೂ ಬೀಳಗಿ ತಾಲೂಕಿನ ಊರುಗಳೂ ಮುಳುಗಿದವು. ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಅದನ್ನು 524.256 ಮೀಟರಿನ ವರೆಗೆ ಏರಿಸಲು ಅನುಮತಿಸಿದೆ. ಅದು ಕೈಗೂಡಿದ ದಿನ ಮತ್ತಷ್ಟು ಊರುಗಳು ನೀರಿನ ಪಾಲು. ಮುಳುಗುವ ಆಸ್ತಿಯ ಪಂಚನಾಮೆಯಲ್ಲಿ ಗೋಡೆ, ತೊಲೆ, ಬಾವಿ, ಗಿಡಗಳು ಎಣಿಕೆಯಾಗುತ್ತವೆ. ಹೆಂಗಸರು ನಸುಕಿನಲ್ಲಿ ಕೂಡುತ್ತಿದ್ದ ಹೊಳೆಯ ದಾರಿ, ಬೀಸುಕಲ್ಲಿನ ಮೂಲೆ, ಬಾಣಂತಿಯ ಕೋಣೆ, ಇವು ಯಾವ ಕಾಲಮ್ಮಿನಲ್ಲಿಯೂ ಸೇರವು. ಹಿಂದಿನ ಸಲ ಮುಳುಗಿದ ಊರುಗಳಲ್ಲಿ ಇವನ್ನು ಹೆಂಗಸರ ಕಣ್ಣಿನಿಂದ ಕಂಡ ಚಿತ್ರಗಳು ಎಷ್ಟಿವೆಯೆಂದು ಆಯಾ ಮನೆಯವರನ್ನೇ ಕೇಳಿ ನೋಡಿರಿ.

ಪರದೇಶದ ಸಂಸ್ಥೆಯು ಬರುವದಾದರೆ ಅಲ್ಲಿಂದಲೇ ಪಾಠವನ್ನು ಆರಂಭಿಸಲಿ. ಬಾರದಿದ್ದರೆ ನಮ್ಮ ನಾಲ್ಕು ಊರುಗಳ ಸುಶಿಕ್ಷಿತ ಮನೆಗಳೇ ಆರಂಭಿಸತಕ್ಕದ್ದು. ಒಂದು ಮದುವೆಯ ಚಿತ್ರೀಕರಣಕ್ಕೆ ನಮ್ಮಲ್ಲಿ ಅನೇಕರು ಎಣಿಸುವ ಹಣದಲ್ಲಿ ಒಂದು ಒಳ್ಳೆಯ ಕ್ಯಾಮೆರಾ ಬರುವದು. ನದಿದಂಡೆಯ ಪ್ರತಿಯೊಂದು ಊರಿಗೂ ಇಬ್ಬರು ಹುಡುಗಿಯರಂತೆ ಆರಿಸಿ, ಕಲಿಕೆಯ ಕಾಲಕ್ಕೆ ಅವರ ಕೂಲಿಯನ್ನು ತುಂಬಿಕೊಟ್ಟು, ಮುಗಿದ ಮೇಲೆ ಆ ಕ್ಯಾಮೆರಾವನ್ನು ಅವರ ಬಳಿಯಲ್ಲಿಯೇ ಬಿಡಬೇಕು. ಚಿತ್ರಗಳ ಒಂದು ಪ್ರತಿ ಊರಿನವರು ಯಾವಾಗ ಬೇಕಾದರೂ ನೋಡುವಂತೆ ತಾಲೂಕಿನ ಗ್ರಂಥಾಲಯದಲ್ಲಿರಲಿ, ಮೂಲವು ಹುಡುಗಿಯ ಮನೆಯಲ್ಲಿರಲಿ. ಪತ್ರಿಕೆಯವರಿಗಾಗಲಿ ಸರಕಾರಕ್ಕಾಗಲಿ ನಮಗಾಗಲಿ ಅವು ಬೇಕಾದಾಗ ಅವಳನ್ನು ಕೇಳಿ, ಅವಳು ಹೇಳಿದ ಬೆಲೆ ಕೊಟ್ಟು, ಅವಳ ಹೆಸರಿನೊಡನೆ ಅಚ್ಚು ಹಾಕತಕ್ಕದ್ದು.